ಕಳೆ ಹೊಡಿಯೋ ಮಷಿನ್ ಬೇರೆ, ಕರಡ ಕೊಯ್ಯೋ ಮಷಿನ್ ಬೇರೆ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೆಯ ಕೃಷಿ ಪುಟ ನಮ್ಮನೇಲಿ ಮೊದಲು ಓದೋ ಪುಟ. ಅದರಲ್ಲಿ ಹೋದ ತಿಂಗಳು ಹುಲ್ಲು ಕೊಯ್ಯೋ ಮಷಿನ್ ಬಗ್ಗೆ ಒಂದು ಬರಹ ಬಂದಿತ್ತು, ಜತೆಗೆ ಫೋಟೋ, ಒಬ್ಬ ಹುಡುಗ ಹೆಗಲಿಗೆ ಬ್ರಷ್ ಕಟರ್ (ಉದ್ದ ಕೋಲಿನ ತುದೀಲಿ ಬ್ಲೇಡ್ ತಿರುಗೋ ಮಷಿನ್) ಹಾಕ್ಕೊಂಡು ಅಡಿಕೆ ತೋಟದಲ್ಲಿ ನಗ್ತಾ ನಿಂತಿದಾನೆ, ಕೆಳಗೆ ಹೈನುಗಾರರಿಗೆ ವರದಾನ ಅಂತೆಲ್ಲ ಬರೆದಿದ್ರು. ನಾನು ನಕ್ಕೆ, ನನ್ನ ಹೆಂಡತಿ ನಗಲಿಲ್ಲ, ಯಾಕಂದ್ರೆ ಇಂಥದೇ ಒಂದು ಬರಹ ಓದಿ ಎರಡು ವರ್ಷದ ಹಿಂದೆ ನಾವು ದುಡ್ಡು ಕಳ್ಕೊಂಡಿದೀವಿ, ಆ ಮಷಿನ್ ಈಗ್ಲೂ ಕೊಟ್ಟಿಗೆ ಮೂಲೇಲಿ ನೇತಾಡ್ತಾ ಇದೆ. ಪತ್ರ ಸ್ವಲ್ಪ ಉದ್ದ ಆಗ್ತದೆ, ಕತ್ತರಿ ಹಾಕೋದಾದ್ರೆ ಹಾಕಿ, ಆದ್ರೆ ಹುಲ್ಲು ಬೀಳೋ ವಿಷಯ ಬರ್ತದಲ್ಲ ಅದನ್ನ ಮಾತ್ರ ಬಿಡ್ಬೇಡಿ.

ನಮ್ಮದು ಸಿದ್ದಾಪುರ ತಾಲೂಕು. ಒಂದೂವರೆ ಎಕರೆ ಅಡಿಕೆ ತೋಟ, ನಾಕು ದನ, ಒಂದು ಎಮ್ಮೆ, ಮೂರು ಎಕರೆ ಬೇಣ. ಬಯಲುಸೀಮೆಯವರಿಗೆ ಬೇಣ ಅಂದ್ರೆ ಗೊತ್ತಾಗ್ಲಿಕ್ಕಿಲ್ಲ, ಮರ ಕಡಿಮೆ ಇರೋ ಗುಡ್ಡದ ಹುಲ್ಲುಗಾವಲು ಅಂತ ಇಟ್ಕೊಳ್ಳಿ, ಮಳೆಗಾಲ ಪೂರ್ತಿ ಅಲ್ಲಿ ದನ ಬಿಡದೆ ಹುಲ್ಲು ಬೆಳೆಯೋಕೆ ಬಿಟ್ಟು ದೀಪಾವಳಿ ಕಳೆದ ಮೇಲೆ ಕೊಯ್ದು ಒಣಗಿಸಿ ಮನೆಗೆ ತರೋದು, ಅದಕ್ಕೇ ಕರಡ ಅನ್ನೋದು. ಬೇಸಿಗೆ ಮುಗಿಯೋ ತನಕ ದನಕ್ಕೆ ಅದೇ, ಉಳಿದಿದ್ದು ಕೊಟ್ಟಿಗೆಗೆ, ಕೊನೆಗೆ ಗೊಬ್ಬರದ ಗುಂಡಿಗೆ.

ನಡುವೆ ಒಂದು ಹದಿನೈದು ವರ್ಷ ಬೇಣನ ಯಾರೂ ಕ್ಯಾರೇ ಅನ್ತಿರಲಿಲ್ಲ, ಗದ್ದೆ ಇತ್ತು, ಭತ್ತದ ಹುಲ್ಲು ಇತ್ತು. ಈಗ ನಮ್ಮ ಸುತ್ತಮುತ್ತ ಗದ್ದೆ ಅನ್ನೋದೆಲ್ಲ ಅಡಿಕೆ ಸಸಿ ನೆಟ್ಟು ತೋಟ ಆಗೋಯ್ತು, ಉಳಿದ ನಾಕು ಗದ್ದೆಗೆ ಕಂಬೈನ್ ಮಷಿನ್ ಬಂದು ಹುಲ್ಲನ್ನ ಅರ್ಧ ಅಲ್ಲೇ ಬಿಟ್ಟು ಅರ್ಧ ತುಳಿದು ಹೋಗ್ತದೆ, ಹಾನಗಲ್ ಶಿಕಾರಿಪುರ ಕಡೆಯಿಂದ ಲಾರೀಲಿ ರೋಲ್ ಹುಲ್ಲು ತರಿಸ್ಬೇಕು, ಅದರಲ್ಲಿ ಒಂದೊಂದು ರೋಲ್ ಬಿಚ್ಚಿದ್ರೆ ಒಳಗೆ ಬೂಷ್ಟು ಹಿಡಿದು ಕಪ್ಪಾಗಿರ್ತದೆ. ಹಾಗಾಗಿ ಮತ್ತೆ ಬೇಣದ ಕಡೆ ಮುಖ ಮಾಡಿದ್ದು.

ಮುಖ ಮಾಡಿದ್ವಿ, ಕೊಯ್ಯೋರು ಯಾರು? ಅಪ್ಪನ ಕಾಲದಲ್ಲಿ ಮುಯ್ಯಾಳು ಇತ್ತು, ಇವತ್ತು ನಮ್ಮ ಬೇಣಕ್ಕೆ ಎಂಟು ಮನೆಯವರು, ನಾಳೆ ಅವರ ಬೇಣಕ್ಕೆ ನಾವು, ಬೆಳಿಗ್ಗೆ ಇಬ್ಬನಿ ಆರೋದ್ರೊಳಗೆ ಸಾಲು ಹಿಡಿದು ಕೂತ್ರೆ ಮಧ್ಯಾಹ್ನದ ಊಟಕ್ಕೆ ಅರ್ಧ ಗುಡ್ಡ ಬೋಳು. ಈಗ ಆ ಎಂಟು ಮನೇಲಿ ಮೂರಕ್ಕೆ ಬೀಗ, ಎರಡರಲ್ಲಿ ವಯಸ್ಸಾದವರು ಮಾತ್ರ. ಕೂಲಿ ಕೊಟ್ಟು ಕೊಯ್ಸಿದ ವರ್ಷ ಲೆಕ್ಕ ಇಟ್ಟಿದ್ದೆ, ಮೂರು ಎಕರೆಗೆ 26 ಆಳು ಬಿತ್ತು, ಸಂಬಳ ಊಟ ಚಾ ಎಲ್ಲ ಸೇರಿ ಆ ದುಡ್ಡಿಗೆ ಲಾರಿ ಹುಲ್ಲೇ ಬರ್ತಿತ್ತು. ಅದೂ ಅಡಿಕೆ ಕೊಯ್ಲಿನ ಹೊತ್ತಲ್ಲೇ ಹುಲ್ಲೂ ಕೊಯ್ಬೇಕು, ಅಡಿಕೆ ಮರ ಹತ್ತಿ ಕೊನೆ ಕೊಯ್ಯೋ ಕೊನೆಗೌಡ ಬಂದಾಗ ಮನೆಯವರೆಲ್ಲ ತೋಟದಲ್ಲಿ, ಬೇಣಕ್ಕೆ ಯಾರೂ ಇಲ್ಲ.

ಇನ್ನೊಂದು ಕಾರಣ ಇದೆ, ಅದನ್ನ ಪೇಟೆಯವರು ಅಷ್ಟಾಗಿ ಯೋಚ್ನೆ ಮಾಡೋದಿಲ್ಲ. ಉಣುಗು, ಅಂದ್ರೆ ರಕ್ತ ಹೀರೋ ಉಣ್ಣೆ, ಮಂಗನ ಕಾಯಿಲೆ ಮನುಷ್ಯರಿಗೆ ಹತ್ತೋದು ಅದು ಕಚ್ಚಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಕಾಣಿಸ್ಕೊಂಡ ಮಂಗನ ಕಾಯಿಲೆ ನಮ್ಮ ತಾಲೂಕಿಗೂ ಬಂದು ಈಚಿನ ವರ್ಷಗಳಲ್ಲಿ ಜನ ಸತ್ತಿದಾರೆ, ಅದು ಜೋರಾಗೋದೇ ಚಳಿಗಾಲದಿಂದ ಬೇಸಿಗೆ ತನಕ, ಅಂದ್ರೆ ನಾವು ಒಣಹುಲ್ಲು, ದರಕು (ಉದುರಿದ ಒಣ ಎಲೆ) ಅಂತ ಕಾಡಂಚಲ್ಲಿ ಓಡಾಡೋ ಹೊತ್ತಲ್ಲೇ. ಕೂತ್ಕೊಂಡು ಕತ್ತೀಲಿ ಹುಲ್ಲು ಕೊಯ್ಯೋದು ಅಂದ್ರೆ ಮೈಯೆಲ್ಲ ಹುಲ್ಲಿನ ಒಳಗೇ. ಆಸ್ಪತ್ರೆಯವರು ಉಣುಗು ಹತ್ತದ ಹಾಗೆ ಮೈಗೆ ಹಚ್ಚೋ ಡೇಪಾ ಎಣ್ಣೆ ಕೊಡ್ತಾರೆ, ಹಚ್ಕೊಂಡು ಹೋಗ್ತೀವಿ, ಬೆವರಿಗೆ ಎಷ್ಟು ಹೊತ್ತು ಇರ್ತದೋ. ನಿಂತ್ಕೊಂಡು ದೂರದಿಂದ ಕೊಯ್ಯೋ ಹಾಗಾದ್ರೆ ಅದೊಂದೇ ಕಾರಣಕ್ಕೂ ಮಷಿನ್ ತಗೋಬಹುದು ಅಂತ ನನ್ನ ಲೆಕ್ಕ. ಕೊಯ್ದ ಹುಲ್ಲನ್ನ ಕಟ್ಟೋಕೆ ಹೊರೋಕೆ ಮುಟ್ಲೇಬೇಕು, ಅದು ಬೇರೆ ಮಾತು, ಆದ್ರೂ ಎರಡು ದಿನ ಬಿಸಿಲಲ್ಲಿ ಬಿದ್ದ ಹುಲ್ಲು ಬೇರೆ, ನಿಂತ ಹುಲ್ಲು ಬೇರೆ.

ಸರಿ, ಮಷಿನ್ ತಗೊಳ್ಳೋಣ ಅಂತ ಪೇಟೆಗೆ ಹೋದೆ. ಅಂಗಡಿ ಹೆಸರು ಬೇಡ. ಹುಲ್ಲು ಕೊಯ್ಯೋ ಮಷಿನ್ ತೋರ್ಸಿ ಅಂದೆ, ಬ್ರಷ್ ಕಟರ್ ತೋರ್ಸಿದ್ರು, 'ಸರ್ ಇದು 52 ಸಿಸಿ ಸರ್, ಮರನೂ ಕಡೀತದೆ' ಅಂದ್ರು. ನನಗೆ ಮರ ಕಡಿಯೋದಿಲ್ಲ ಮಾರಾಯ್ರೆ ಅಂತ ಆಗ್ಲೇ ಅನ್ಬೇಕಿತ್ತು. ಸಿಸಿ ಜಾಸ್ತಿ ಇದ್ರೆ ಒಳ್ಳೇದು ಅನ್ನೋದು ನಮ್ಮ ತಲೇಲೂ ಕೂತ್ಬಿಟ್ಟಿದೆ ಬೈಕ್ ತಗೊಂಡ ಹಾಗೆ. ಸ್ಟಿಕ್ಕರ್ ಮೇಲೆ 52 ಅಂತ ಬರೆದ ಹೆಸರಿಲ್ಲದ ಇಂಜಿನ್ನಿಗೂ ಒಳ್ಳೆ ಕಂಪನಿಯ 40 ಸಿಸಿಗೂ ಹೋಲಿಕೆ ಇಲ್ಲ, ಕಿಲೋವ್ಯಾಟ್ ಎಷ್ಟು, ತೂಕ ಎಷ್ಟು, ಪಾರ್ಟ್ ಎಲ್ಲಿ ಸಿಗ್ತದೆ ಅಂತ ಕೇಳ್ಬೇಕು, ಆ ಬುದ್ಧಿ ಬಂದಿದ್ದು ಆಮೇಲೆ.

ಮನೆಗೆ ತಂದು ಮೊದಲ ದಿನ ನೈಲಾನ್ ದಾರ ಹಾಕಿ ಶುರು ಮಾಡಿದೆ. ಬೇಣದ ಹುಲ್ಲು ಸೊಂಟದ ಹತ್ರ ಬರೋದು, ದಾರ ಅದನ್ನ ಕೊಯ್ಯೋದಿಲ್ಲ, ಹೊಡೆದು ಚೂರು ಮಾಡ್ತದೆ, ಹಸಿರು ಪುಡಿ ಕಾಲು ಮೊಳಕಾಲು ಎಲ್ಲ ಅಂಟ್ಕೊಂಡು ನಾನೇ ಒಂದು ಹುಲ್ಲಿನ ಬೊಂಬೆ ಆಗಿದ್ದೆ. ಆಮೇಲೆ ಮೂರು ಹಲ್ಲಿನ ಕಬ್ಬಿಣದ ಬ್ಲೇಡ್ ಹಾಕಿದೆ, ಕೊಯ್ತದೆ ನಿಜ, ಆದ್ರೆ ಕೊಯ್ದ ಹುಲ್ಲನ್ನ ಎಲ್ಲಾ ದಿಕ್ಕಿಗೂ ಎಸೀತದೆ, ಬಿದ್ದಿದ್ದನ್ನ ಇನ್ನೊಂದು ಸಲ ಕೊಚ್ಚಿ ಎರಡು ತುಂಡು ಮೂರು ತುಂಡು ಮಾಡ್ತದೆ, ಜತೆಗೆ ಮಣ್ಣು, ಸಣ್ಣ ಕಲ್ಲು, ಹಳೇ ಒಣ ಎಲೆ ಎಲ್ಲ ಎಬ್ಬಿಸಿ ಹುಲ್ಲಿಗೆ ಬೆರೆಸಿ ಇಡ್ತದೆ. ಮೂರು ದಿನ ಒಣಗಿಸಿ ಕಟ್ಟೋಣ ಅಂತ ಹೋದ್ರೆ ಕಟ್ಟೋದು ಏನನ್ನ? ಮೊಳ ಉದ್ದ ಗೇಣು ಉದ್ದದ ತುಂಡು, ಹಗ್ಗ ಬಿಗಿದ್ರೆ ನಡುವಿಂದ ಜಾರ್ತದೆ. ಹೊರೆ ಹೊತ್ತು ಮನೆಗೆ ಬರೋ ದಾರೀಲಿ ಅರ್ಧ ಉದುರಿತ್ತು. ಅಮ್ಮ ಅಂಗಳದಲ್ಲಿ ನಿಂತು ಒಂದು ಹಿಡಿ ತಗೊಂಡು ನೋಡಿ 'ತಮಾ, ಇದು ಕರಡ ಅಲ್ಲ, ಹೊಟ್ಟು' ಅಂದ್ರು. ದನಗಳೂ ಅದನ್ನೇ ಹೇಳಿದ್ವು, ಮೂಸಿ ಮೂಸಿ ಮೇಲಿಂದ ನಾಕು ಎಳೆ ತಿಂದು ಮಣ್ಣು ಬೆರೆತದ್ದನ್ನ ಹಾಗೇ ಬಿಟ್ವು. ಮೆತ್ತಿನ (ಅಟ್ಟದ) ಮೇಲೆ ಅಡಕಿ ಇಡೋಕೂ ಬರಲಿಲ್ಲ, ಬಣವೆ ಹಾಕಿದ್ರೆ ನಿಲ್ಲೋದಿಲ್ಲ, ಉದ್ದ ಎಳೆ ಇದ್ರೆ ತಾನೇ ಒಂದರ ಮೇಲೊಂದು ಮಳೆನೀರು ಜಾರೋ ಹಾಗೆ ಕೂರೋದು.

ಆವತ್ತು ನನಗೆ ಅರ್ಥ ಆಗಿದ್ದು ಇಷ್ಟೇ ಸಂಪಾದಕರೇ. ಕಳೆ ಹೊಡಿಯೋರಿಗೆ ಹುಲ್ಲು ಹೋದ್ರೆ ಸಾಕು, ಅದು ಎಲ್ಲಿ ಬಿತ್ತು ಹೇಗೆ ಬಿತ್ತು ಅನ್ನೋದು ಬೇಕಿಲ್ಲ, ತುಂಡಾದಷ್ಟೂ ಒಳ್ಳೇದು, ತೋಟದಲ್ಲೇ ಕೊಳೀತದೆ. ದನಕ್ಕೆ ಅಂತ ಕೊಯ್ಯೋರಿಗೆ ಹುಲ್ಲು ಬುಡದಲ್ಲಿ ಒಂದೇ ಸಲ ಕತ್ತರಿಸಿ, ಉದ್ದ ಹಾಗೇ ಇದ್ದು, ಒಂದೇ ಕಡೆ ತಲೆ ಮಾಡಿ ಸಾಲಾಗಿ ಮಲಗ್ಬೇಕು. ಮಷಿನ್ ಅಂಗಡೀಲಿ ಇಂಜಿನ್ ಸ್ಟಾರ್ಟ್ ಮಾಡಿ ತೋರಿಸ್ತಾರೆ, ಬ್ಲೇಡ್ ಎಷ್ಟು ಸ್ಪೀಡಲ್ಲಿ ತಿರುಗ್ತದೆ ಅಂತ ತೋರಿಸ್ತಾರೆ, ಹುಲ್ಲು ಹೇಗೆ ಬೀಳ್ತದೆ ಅಂತ ಒಬ್ಬರೂ ತೋರಿಸೋದಿಲ್ಲ. ನಿಮ್ಮ ಬರಹದಲ್ಲೂ ಅದರ ಬಗ್ಗೆ ಒಂದು ಸಾಲು ಇರಲಿಲ್ಲ.

ತಿರುಗೋ ಬ್ಲೇಡು ಹೊಡೆದು ಕೊಯ್ಯೋದು, ಸ್ಪೀಡೇ ಅದರ ಶಕ್ತಿ. ಇನ್ನೊಂದು ಜಾತಿ ಇದೆ, ಕತ್ತರಿ ಥರ ಕೊಯ್ಯೋದು, ಮುಂದೆ ಒಂದು ಉದ್ದ ಪಟ್ಟಿ, ಅದರ ಮೇಲೆ ತ್ರಿಕೋನದ ಸಣ್ಣ ಸಣ್ಣ ಬ್ಲೇಡ್ ಸಾಲಾಗಿ ರಿವೆಟ್ ಹೊಡೆದಿರ್ತಾರೆ, ಆ ಪಟ್ಟಿ ಎಡಕ್ಕೆ ಬಲಕ್ಕೆ ಓಡಾಡ್ತದೆ, ಕೆಳಗೆ ಬೆರಳಿನ ಹಾಗೆ ಚಾಚಿದ ಕಬ್ಬಿಣ, ಬೆರಳಿನ ಸಂದಿಗೆ ಹುಲ್ಲು ಸಿಕ್ತು ಅಂದ್ರೆ ಕಚಕ್ ಅಂತ ಕತ್ತರಿಸಿ ಹಿಂದಕ್ಕೆ ಮಲಗಿಸ್ತದೆ. ಕಂಬೈನ್ ಮಷಿನ್ ಮುಂದೆ ಇರೋದೂ ಇದೇ. ಹುಲ್ಲು ಚೂರಾಗೋದಿಲ್ಲ, ಮಣ್ಣು ಏಳೋದಿಲ್ಲ, ಇಂಜಿನ್ನಿಗೂ ಭಾರ ಕಡಿಮೆ.

ಇಲ್ಲಿ ಒಂದು ಮಾತು ಹೇಳ್ಬೇಕು, ಇಲ್ಲಾಂದ್ರೆ ಬ್ರಷ್ ಕಟರ್ ಇರೋರೆಲ್ಲ ನನ್ನ ಮೇಲೆ ಬೀಳ್ತಾರೆ. ನೇಪಿಯರ್ ಅನ್ನೋ ದಪ್ಪ ದಂಟಿನ ಮೇವಿನ ಹುಲ್ಲು ಹಾಕಿದವರಿಗೆ, ಸಿಓ-3 ಸಿಓ-4 ಸಿಓ-5 ಅಂತ ಕೊಯಮತ್ತೂರು ಕೃಷಿ ವಿವಿಯಿಂದ ಬಂದ ತಳಿಗಳು, ಬ್ರಷ್ ಕಟರ್ ಚೆನ್ನಾಗಿಯೇ ಆಗ್ತದೆ. ನಾಟಿ ಮಾಡಿ ಎಪ್ಪತ್ತೈದು ಎಂಬತ್ತು ದಿನಕ್ಕೆ ಮೊದಲ ಕೊಯ್ಲು, ಆಮೇಲೆ ನಲವತ್ತೈದು ದಿನಕ್ಕೊಂದು ಸಲ, ದಿನಾ ಒಂದು ಸಾಲು ಕೊಯ್ದು ಮೇವು ತುಂಡು ಮಾಡೋ ಚಾಫ್ ಕಟರಿಗೆ ಕೊಡೋದು, ದಪ್ಪ ದಂಟು, 40 ಹಲ್ಲಿನ ಗುಂಡು ಬ್ಲೇಡ್ ಹಾಕಿದ್ರೆ ಕಬ್ಬಿನ ಹಾಗೆ ಅಡ್ಡ ಬೀಳ್ತದೆ, ಹೇಗೂ ಮುಂದೆ ತುಂಡು ಮಾಡೋದೇ ಅಲ್ವ. ಹತ್ತು ಗುಂಟೆ ನೇಪಿಯರ್ ಇದ್ದವರು ನನ್ನ ಪತ್ರ ಇಲ್ಲಿಗೇ ನಿಲ್ಲಿಸಿ ಬ್ರಷ್ ಕಟರ್ ತಗೊಂಡ್ರೂ ಅಡ್ಡಿಲ್ಲ. ಸಣ್ಣ ಎಳೆಯ ಒಣಗಿಸಿ ಇಡೋ ಹುಲ್ಲಿನ ಕಥೆ ಬೇರೆ.

ನಾನೂ ಅಲ್ಲಿಗೇ ಬಿಡಲಿಲ್ಲ. ಮುಂದಿನ ವರ್ಷ ಅದೇ ಮಷಿನ್ನಿಗೆ ಭತ್ತ ಕೊಯ್ಯೋಕೆ ಅಂತ ಸಿಗೋ ತಗಡಿನ ಗಾರ್ಡ್ ಹಾಕಿಸಿದೆ, ಬ್ಲೇಡ್ ಹಿಂದೆ ಅರ್ಧ ಬುಟ್ಟಿ ಥರ ಇರ್ತದೆ, 80 ಹಲ್ಲಿನ ಬ್ಲೇಡ್ ಹಾಕಿ ಬಲದಿಂದ ಎಡಕ್ಕೆ ಒಂದೇ ಬೀಸು ಬೀಸಿದ್ರೆ ಹುಲ್ಲು ಎಡಗಡೆ ಸಾಲಾಗಿ ಬೀಳ್ತದೆ. ಇದು ಪರವಾಗಿಲ್ಲ ಅನ್ನಿಸ್ತು. ಮೂರು ದಿನ ಅಭ್ಯಾಸ ಬೇಕು, ಬೀಸೋವಾಗ ವಾಪಸ್ ಬರೋ ಬೀಸಲ್ಲಿ ಕೊಯ್ಯಬಾರದು, ಕೊಯ್ದ್ರೆ ಎಲ್ಲ ಹರಡ್ತದೆ. ಆದ್ರೆ ಸೊಂಟ. ದಿನಕ್ಕೆ ಅರ್ಧ ಎಕರೆ ಮುಕ್ಕಾಲು ಎಕರೆ, ಅಷ್ಟೇ ನನ್ನ ಕೈಲಾಗಿದ್ದು, ಸಂಜೆ ಲೋಟ ಹಿಡಿದ್ರೆ ಕೈ ನಡುಗೋದು. ವಯಸ್ಸು ಐವತ್ತೆರಡು, ಇಪ್ಪತ್ತೈದರ ಹುಡುಗ ಒಂದು ಎಕರೆ ಮಾಡಿಯಾನು, ಆ ಹುಡುಗ ಬೆಂಗಳೂರಲ್ಲಿ ಇದಾನೆ. ಬೀಸೋವಾಗ ಸುತ್ತ ಹದಿನೈದು ಮೀಟರಿನೊಳಗೆ ಯಾರೂ ಬರಬಾರದು ಅಂತ ಪುಸ್ತಕದಲ್ಲಿ ಬರೆದಿರ್ತಾರೆ, ಅದು ಸುಮ್ನೆ ಬರೆದಿದ್ದಲ್ಲ, ಒಂದು ಚಿರೆಕಲ್ಲಿನ ಚೂರು ಹಾರಿ ನಮ್ಮ ಬೇಲಿ ಆಚೆ ನಿಂತ ಎಮ್ಮೆಗೆ ಬಡಿದು ಅದು ಮೂರು ದಿನ ನನ್ನ ಹತ್ರ ಬರಲಿಲ್ಲ. ಕನ್ನಡಕ ಹಾಕದೆ ಈ ಮಷಿನ್ ಮುಟ್ಟಬೇಡಿ.

ಇಂಜಿನ್ ವಿಷಯಕ್ಕೆ ಬಂದ್ರೆ ಟೂ ಸ್ಟ್ರೋಕ್ ಹಗುರ, ಗುಡ್ಡಕ್ಕೆ ಒಳ್ಳೇದು, ಆದ್ರೆ ಪೆಟ್ರೋಲಿಗೆ ಆಯಿಲ್ ಬೆರೆಸ್ಬೇಕು, ಅಳತೆ ಆ ಮಷಿನ್ನಿನ ಪುಸ್ತಕದಲ್ಲಿ ಇದ್ದಷ್ಟೇ. ನಮ್ಮನೇಲಿ ತಂಗಿ ಮಗ ರಜೆಗೆ ಬಂದವನು 'ಮಾವಾ ನಾನು ಹೊಡೀತೇನೆ' ಅಂತ ಬೈಕಿಗೆ ಅಂತ ಇಟ್ಟಿದ್ದ ಬರೀ ಪೆಟ್ರೋಲ್ ಹಾಕಿ ಇಪ್ಪತ್ತು ನಿಮಿಷ ಓಡಿಸಿದ, ಪಿಸ್ಟನ್ ಹಿಡಿದು ಇಂಜಿನ್ ಅಲ್ಲೇ ನಿಂತೋಯ್ತು, ರಿಪೇರಿಗೆ ಆದ ದುಡ್ಡಲ್ಲಿ ಒಂದು ಕರು ಬರ್ತಿತ್ತು. ಫೋರ್ ಸ್ಟ್ರೋಕಿಗೆ ಆ ರಗಳೆ ಇಲ್ಲ, ಬೈಕಿನ ಹಾಗೆ ಆಯಿಲ್ ಬೇರೆ ಪೆಟ್ರೋಲ್ ಬೇರೆ, ಮನೇಲಿ ಮೂರು ಜನ ಮುಟ್ಟೋ ಮಷಿನ್ ಆದ್ರೆ ಕಣ್ಮುಚ್ಚಿ ಫೋರ್ ಸ್ಟ್ರೋಕ್ ತಗೊಳ್ಳಿ. ಮತ್ತೆ ಈಗ ಬಂಕಲ್ಲಿ ಸಿಗೋದು 20 ಪರ್ಸೆಂಟ್ ಎಥೆನಾಲ್ ಬೆರೆಸಿದ ಪೆಟ್ರೋಲು, ಎಥೆನಾಲ್ ಗಾಳೀಲಿರೋ ನೀರು ಹೀರ್ಕೊಳ್ತದೆ, ನಮ್ಮ ಮಲೆನಾಡಿನ ಮಳೆಗಾಲದ ಗಾಳಿ ಹೇಗಿರ್ತದೆ ಅಂತ ಹೇಳ್ಬೇಕಾ. ಬೈಕ್ ದಿನಾ ಓಡ್ತದೆ, ಹುಲ್ಲಿನ ಮಷಿನ್ ವರ್ಷಕ್ಕೆ ಒಂದು ತಿಂಗಳು ಓಡಿ ಹನ್ನೊಂದು ತಿಂಗಳು ಮಲಗ್ತದೆ, ಟ್ಯಾಂಕಲ್ಲಿ ಪೆಟ್ರೋಲ್ ಬಿಟ್ರೆ ಮುಂದಿನ ಕಾರ್ತೀಕಕ್ಕೆ ಕಾರ್ಬೊರೇಟರ್ ಒಳಗೆ ಅಂಟು. ಟ್ಯಾಂಕ್ ಖಾಲಿ ಮಾಡಿ, ಒಳಗಿರೋದು ಮುಗಿದು ತಾನಾಗೇ ನಿಲ್ಲೋ ತನಕ ಓಡಿಸಿ ಆಮೇಲೆ ಇಡಿ. ಇದನ್ನ ನನಗೆ ಹೇಳಿದ್ದು ಅಂಗಡಿಯವನಲ್ಲ, ಬೈಕ್ ಮೆಕ್ಯಾನಿಕ್.

ಮೂರನೇ ಪ್ರಯೋಗ, ಭತ್ತ ಕೊಯ್ಯೋ ರೀಪರ್. ನಮ್ಮ ಪಕ್ಕದ ಊರಲ್ಲಿ ಒಬ್ಬರ ಹತ್ರ ಇತ್ತು, ಹಿಂದೆ ನಡ್ಕೊಂಡು ಹೋಗೋದು, ನಾಕು ಅಡಿ ಅಗಲ. ಅದರಲ್ಲಿ ಇರೋದು ನಾನು ಮೇಲೆ ಹೇಳಿದ ಕತ್ತರಿ ಪಟ್ಟಿಯೇ, ಹಾಗಾಗಿ ಇದೇ ಸರಿ ಅಂತ ಬಾಡಿಗೆಗೆ ತಂದೆ. ಗದ್ದೇಲಿ ಅದು ನೋಡೋಕೆ ಚೆಂದ, ಭತ್ತ ಕೊಯ್ದು ಪೂರ್ತಿ ಬಲಗಡೆ ಸಾಲು ಹಾಕ್ತಾ ಹೋಗ್ತದೆ. ಬೇಣದಲ್ಲಿ ಹತ್ತು ಮಾರು ಹೋಗೋದ್ರೊಳಗೆ ನಿಂತ್ಬಿಡ್ತು. ಯಾಕಂದ್ರೆ ಭತ್ತ ನೆಟ್ಟಗೆ ನಿಂತಿರ್ತದೆ, ಮುಂದಿನ ನಕ್ಷತ್ರದ ಚಕ್ರ ಅದನ್ನ ಹಿಡಿದು ನಿಂತ ಹಾಗೇ ಬೆಲ್ಟಿಗೆ ಕೊಡ್ತದೆ, ಬೆಲ್ಟ್ ಪಕ್ಕಕ್ಕೆ ಸಾಗಿಸ್ತದೆ. ಬೇಣದ ಹುಲ್ಲು ಗಾಳಿ ಬಂದ ಕಡೆ ಮಲಗಿರ್ತದೆ, ಒಂದಕ್ಕೊಂದು ಹೆಣ್ಕೊಂಡಿರ್ತದೆ, ಎಳೆ ಸಣ್ಣ, ಚಕ್ರಕ್ಕೆ ಸುತ್ಕೊಳ್ತದೆ. ಬಿಚ್ಚೋದು ಸುತ್ತೋದು ಬಿಚ್ಚೋದು, ಅರ್ಧ ದಿನ ಅದೇ ಆಯ್ತು. ಗದ್ದೆ ಇರೋರಿಗೆ ಅದು ಒಳ್ಳೆ ಮಷಿನ್ನೇ, ಕೇರಳದ ಕಾಮ್ಕೋ, ಬೆಂಗಳೂರಿನ ವಿಎಸ್‌ಟಿ ಇವರದ್ದೆಲ್ಲ ಇದೆ, ತಪ್ಪು ಮಷಿನ್ನಿನದ್ದಲ್ಲ, ಬೇಣಕ್ಕೆ ತಂದ ನನ್ನದು.

ಹಾಗಾದ್ರೆ ಬೇಕಾಗಿದ್ದು ಯಾವುದು ಅಂದ್ರೆ, ಆ ಬೆಲ್ಟು, ನಕ್ಷತ್ರದ ಚಕ್ರ ಏನೂ ಇಲ್ಲದ ಬರೀ ಕತ್ತರಿ ಪಟ್ಟಿ ಇರೋ ಎರಡು ಚಕ್ರದ ಮಷಿನ್. ಯುರೋಪಿನ ಗುಡ್ಡಗಾಡಿನ ರೈತರು ಇದರಲ್ಲೇ ಹುಲ್ಲು ಕೊಯ್ಯೋದು, ಇಟಲಿಯ ಬಿಸಿಎಸ್ ಕಂಪನಿ 1943ರಲ್ಲಿ ಶುರುವಾಗಿದ್ದೇ ಹುಲ್ಲು ಕೊಯ್ಯೋ ಮಷಿನ್ ಮಾಡ್ಕೊಂಡು, ಅವರ ಕಾರ್ಖಾನೆ ಈಗ ಲೂಧಿಯಾನದಲ್ಲೂ ಇದೆ. ಅವರದ್ದೇ ತಗೊಳ್ಳಿ ಅಂತ ಹೇಳ್ತಾ ಇಲ್ಲ, ಇಂಥದೊಂದು ಜಾತಿ ಇದೆ ಅನ್ನೋದೇ ನಮ್ಮ ಕಡೆ ಯಾರಿಗೂ ಗೊತ್ತಿಲ್ಲ ಅಂತ ಹೇಳಿದ್ದು. ಪವರ್ ಟಿಲ್ಲರ್ ಥರದ ಹಿಡಿ, ಮುಂದೆ ಮೂರು ಅಡಿ ಪಟ್ಟಿ, ನಡೆಯೋ ಸ್ಪೀಡಲ್ಲಿ ಹೋಗ್ತದೆ. ಲೆಕ್ಕ ಹಾಕಿ ನೋಡಿದೆ, 90 ಸೆಂಟಿಮೀಟರ್ ಅಗಲ, ಗಂಟೆಗೆ 3 ಕಿಲೋಮೀಟರ್ ನಡೆದ್ರೆ 2700 ಚದರ ಮೀಟರ್, ಅಂದ್ರೆ ಗಂಟೆಗೆ ಮುಕ್ಕಾಲು ಎಕರೆಗೆ ಸ್ವಲ್ಪ ಕಡಿಮೆ, ತಿರುಗಿಸೋದು ಹುತ್ತ ಸುತ್ತೋದು ಚಾ ಕುಡಿಯೋದು ಎಲ್ಲ ಕಳೆದು ಅರ್ಧ ಎಕರೆ ಇಟ್ಕೊಳ್ಳಿ, ನಮ್ಮ ಮೂರು ಎಕರೆಗೆ ಒಂದು ದಿನ. 26 ಆಳಿನ ಕೆಲಸ.

ಈ ಒಂದು ದಿನ ಅನ್ನೋದು ಬರೀ ಕೂಲಿ ಉಳಿಸೋ ಮಾತಲ್ಲ. ನವೆಂಬರಲ್ಲಿ ಬಂಗಾಳಕೊಲ್ಲೀಲಿ ಚಂಡಮಾರುತ ಅಂದ್ರೆ ಇಲ್ಲಿ ಮೋಡ, ಎರಡು ಹನಿ ಬಿದ್ರೂ ಕೊಯ್ದು ಮಲಗಿಸಿದ ಹುಲ್ಲು ಕಪ್ಪು. ಆಳು ಹಿಡಿದು ಹದಿನೈದು ದಿನ ಕೊಯ್ತಾ ಕೂತ್ರೆ ಅದರಲ್ಲಿ ಒಂದಿನ ಮಳೆ ಬಂದೇ ಬರ್ತದೆ. ಅದೇ ಹವಾಮಾನ ನೋಡಿ ನಾಕು ದಿನ ಬಿಸಿಲು ಇದೆ ಅಂತಾದ್ರೆ ಒಂದೇ ದಿನ ಪೂರ್ತಿ ಕೊಯ್ದು, ಎರಡನೇ ದಿನ ಮಗುಚಿ, ಮೂರನೇ ದಿನ ಸಂಜೆ ಕಟ್ಟಿ ತಂದುಬಿಡಬಹುದು. ಹಸಿ ಇರೋವಾಗ ಅಡಕಿದ್ರೆ ಒಳಗೆ ಕಾವು ಬರ್ತದೆ, ಬೂಷ್ಟು ಬರ್ತದೆ, ಬಣವೆಗೆ ತಾನಾಗೇ ಬೆಂಕಿ ಹಿಡಿದಿದ್ದೂ ಉಂಟು, ಒಳಗಿನ ತೇವ ನೂರಕ್ಕೆ ಹದಿನೈದು ಹದಿನೆಂಟಕ್ಕಿಂತ ಕೆಳಗೆ ಬರ್ಬೇಕು ಅಂತ ಲೆಕ್ಕ, ನಮ್ಮ ಲೆಕ್ಕ ಏನಂದ್ರೆ ಒಂದು ಹಿಡಿ ಹಿಂಡಿ ತಿರುಚಿದ್ರೆ ಪಟಪಟ ಅನ್ಬೇಕು. ಮತ್ತೆ ಊಬು (ತೆನೆಯ ಚೂಪು ಮುಳ್ಳು) ಬರೋ ಹುಲ್ಲಿದ್ರೆ ಅದು ಬಲಿಯೋದ್ರೊಳಗೆ ಕೊಯ್ಯಬೇಕು, ಬಲಿತ ಮೇಲೆ ದನದ ಬಾಯಿಗೆ ಚುಚ್ತದೆ. ಎಲ್ಲ ಸೇರಿ ನಮಗೆ ಸಿಗೋ ಸಮಯ ಅಂದ್ರೆ ಎರಡು ಮೂರು ವಾರ.

ತೊಂದರೆ ಇಲ್ವಾ, ಇದೆ. ಬೇಣದಲ್ಲಿ ಹುತ್ತ, ಚಿರೆಕಲ್ಲು, ಕಡಿದ ಗಿಡದ ಮೋಟು, ಪಟ್ಟಿ ತಾಗಿತು ಅಂದ್ರೆ ತ್ರಿಕೋನದ ಬ್ಲೇಡ್ ಮುರೀತದೆ. ಮುರಿದ ಒಂದನ್ನ ಮಾತ್ರ ರಿವೆಟ್ ಬಿಡಿಸಿ ಬದಲಾಯಿಸಬಹುದು, ಇಡೀ ಪಟ್ಟಿ ಬೇಡ, ಅದೊಂದು ಸಮಾಧಾನ. ಹಾಗಾಗಿ ಮಷಿನ್ ನೋಡೋದಕ್ಕೆ ಮೊದಲು ಆ ಬ್ಲೇಡ್ ಎಲ್ಲಿ ಸಿಗ್ತದೆ ಅಂತ ನೋಡಿ. ನಾನು ಒಂದು ಬ್ಲೇಡನ್ನ ಕಿಸೇಲಿ ಇಟ್ಕೊಂಡು ದಾವಣಗೆರೆಗೆ ಮದುವೆಗೆ ಹೋದಾಗ ಕಂಬೈನ್ ಪಾರ್ಟ್ ಮಾರೋ ಅಂಗಡೀಲಿ ತೋರಿಸಿದೆ, ಮೂರು ಇಂಚು ಅಗಲ, ತೂತಿನ ಅಂತರ ಅಳೆದ್ರು, ಡಬ್ಬಿ ತುಂಬ ಇತ್ತು ಅವರ ಹತ್ರ. ಹೆಂಡತಿ ಮದುವೆಮನೇಲಿ ಯಾರಿಗೂ ಹೇಳ್ಬೇಡಿ ಅಂದಿದ್ಲು. ಎಲ್ಲಾ ಮಷಿನ್ನಿಗೂ ಅದೇ ಅಳತೆ ಇರೋದಿಲ್ಲ, ಕೆಲವಕ್ಕೆ ಕಂಪನಿಯದ್ದೇ ಬೇಕು, ಅಂಥದ್ದಾದ್ರೆ ತಗೊಳ್ಳೋವಾಗ್ಲೇ ಒಂದು ಡಜನ್ ಜತೆಗೆ ತಗೊಂಡುಬಿಡಿ. ಇಳಿಜಾರಲ್ಲಿ ಮೇಲೆ ಕೆಳಗೆ ಹೋಗ್ಬೇಡಿ, ಅಡ್ಡಡ್ಡ ಹೋಗಿ, ಎರಡು ಚಕ್ರದ ನಡುವೆ ಅಗಲ ಮಾಡೋಕೆ ಬರ್ತದಾ ಕೇಳಿ, ಕೈ ಬಿಟ್ಟ ಕೂಡಲೇ ಬ್ಲೇಡ್ ನಿಲ್ಲೋ ಕ್ಲಚ್ ಇದೆಯಾ ನೋಡಿ, ಇಲ್ಲದ ಮಷಿನ್ ಪುಕ್ಕಟೆ ಕೊಟ್ರೂ ಬೇಡ.

ಟ್ರ್ಯಾಕ್ಟರಿಗೆ ಹಾಕೋ ಡ್ರಮ್ ಮೋವರ್ ಅಂತ ಇದೆ, ಟ್ರ್ಯಾಕ್ಟರ್ ಹಿಂದೆ ತಿರುಗೋ ದಂಡದಿಂದ (ಪಿಟಿಓ, ನಿಮಿಷಕ್ಕೆ 540 ಸುತ್ತು) ಓಡ್ತದೆ, ಬಯಲಲ್ಲಿ ಹತ್ತು ಎಕರೆ ಮೇವು ಬೆಳೆಯೋರಿಗೆ. ನಮ್ಮ ಬೇಣಕ್ಕೆ ಟ್ರ್ಯಾಕ್ಟರ್ ಹತ್ತೋ ದಾರಿಯೇ ಇಲ್ಲ.

ದುಡ್ಡಿನ ವಿಷಯ. ಸಬ್ಸಿಡಿ ಇದೆ ಅಂತ ಒಂದು ಕಚೇರಿಗೆ ಹೋದೆ, ಎಫ್ಐಡಿ (ರೈತರ ಗುರುತಿನ ನಂಬರ್) ಪಹಣಿ ಆಧಾರ್ ಎಲ್ಲ ಹಿಡ್ಕೊಂಡು. ನನಗೆ ತೋರಿಸಿದ ಪಟ್ಟೀಲಿ ಬ್ರಷ್ ಕಟರ್ ಇತ್ತು, ಕಳೆ ತೆಗೆಯೋದು ಇತ್ತು, ರೀಪರ್ ಇತ್ತು, ನಾನು ಕೇಳಿದ್ದು ಇರಲಿಲ್ಲ. ಅಲ್ಲಿದ್ದ ಹುಡುಗ ಒಳ್ಳೆಯವನೇ, 'ಅಣ್ಣಾ ಬ್ರಷ್ ಕಟರ್ ತಗೊಂಡ್ಬಿಡಿ, ಅರ್ಧ ದುಡ್ಡಿಗೆ ಬರ್ತದೆ' ಅಂದ. ಇಲ್ಲೇ ನೋಡಿ ನಾವು ಮೋಸ ಹೋಗೋದು, ಬೇಡದ ಮಷಿನ್ ಅರ್ಧ ದುಡ್ಡಿಗೆ ಬಂದ್ರೂ ಅದು ಪೂರ್ತಿ ದಂಡವೇ. ಸಬ್ಸಿಡಿ ಪಟ್ಟಿ ನೋಡಿ ಮಷಿನ್ ಆರಿಸ್ಬೇಡಿ, ಮಷಿನ್ ಆರಿಸಿ ಆಮೇಲೆ ಪಟ್ಟೀಲಿ ಇದೆಯಾ ನೋಡಿ. ಆಮೇಲೆ ಜಿಎಸ್‌ಟಿ, ಕೊಯ್ಲಿನ ಯಂತ್ರ, ಹುಲ್ಲು ಕೊಯ್ಯೋ ಯಂತ್ರ ಇವಕ್ಕೆ 12 ಇದ್ದಿದ್ದು 2025ರ ಸೆಪ್ಟೆಂಬರ್ 22ರಿಂದ 5 ಪರ್ಸೆಂಟ್ ಆಗಿದೆ, ತೆರಿಗೆ ಪಟ್ಟಿಯ 8433 ಅನ್ನೋ ಹೆಡ್ಡಿಂಗಲ್ಲಿ ಬರ್ತವೆ, ಬಿಲ್ಲಲ್ಲಿ ಏನು ಹಾಕಿದಾರೆ ಓದಿ ನೋಡಿ, ಹಳೇ ರೇಟೇ ಹೇಳಿದ್ರೆ ಕೇಳಿ. ಇನ್ನೊಂದು, ಕೃಷಿ ಯಂತ್ರಗಳನ್ನ ಪರೀಕ್ಷೆ ಮಾಡೋ ಕೇಂದ್ರ ಸರ್ಕಾರದ ಸಂಸ್ಥೆ ಅನಂತಪುರದ ಹತ್ರ ಗಾರ್ಲದಿನ್ನೇಲಿ ಇದೆ, ಅವರ ಟೆಸ್ಟ್ ರಿಪೋರ್ಟ್ ಇದೆಯಾ ಅಂತ ಅಂಗಡೀಲಿ ಕೇಳಿದ್ರೆ ಅರ್ಧ ಜನ ಮುಖ ನೋಡ್ತಾರೆ, ಉಳಿದವರು ಚಾ ತರಿಸ್ತಾರೆ.

ಈಗ ನಿಮ್ಮಲ್ಲಿ ನನ್ನ ಕೋರಿಕೆ. ಮಷಿನ್ ಬಗ್ಗೆ ಬರೆಯೋವಾಗ ಕಂಪನಿಯವರು ಕೊಟ್ಟ ಕಾಗದ ನೋಡಿ ಬರೀಬೇಡಿ ದಯವಿಟ್ಟು. ಕೃಷಿ ಮೇಳದಲ್ಲಿ ಮಷಿನ್ ಹಸಿರು ಮ್ಯಾಟ್ ಮೇಲೆ ನಿಂತಿರ್ತದೆ, ಅಲ್ಲಿ ಎಲ್ಲಾ ಮಷಿನ್ನೂ ಒಳ್ಳೇದೇ. ಧಾರವಾಡದಲ್ಲಿ ಝಾನ್ಸಿಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ, ಇಲ್ಲೇ ಸಾಗರದ ಇರುವಕ್ಕೀಲಿ ಕೃಷಿ ವಿಶ್ವವಿದ್ಯಾಲಯ ಇದೆ, ನಿಮ್ಮಂಥ ಪತ್ರಿಕೆಯವರು ಕೇಳಿದ್ರೆ ಮೂರು ನಾಕು ಮಷಿನ್ ಒಂದೇ ಗುಡ್ಡದಲ್ಲಿ ಓಡಿಸಿ ನೋಡೋದು ದೊಡ್ಡ ಮಾತಲ್ಲ. ಒಂದು ಎಕರೆಗೆ ಎಷ್ಟು ಹೊತ್ತು, ಎಷ್ಟು ಪೆಟ್ರೋಲ್, ಬುಡದಲ್ಲಿ ಎಷ್ಟು ಇಂಚು ಬಿಡ್ತದೆ, ಐವತ್ತು ವರ್ಷದವರು ಎಷ್ಟು ಹೊತ್ತು ಹಿಡೀಬಹುದು, ಹೆಂಗಸರು ಹಿಡೀಬಹುದಾ, ಇದನ್ನ ಬರೀರಿ. ಫೋಟೋದಲ್ಲಿ ಹುಡುಗನ ನಗು ಬೇಡ, ಕೊಯ್ದು ಬಿದ್ದ ಹುಲ್ಲಿನ ಫೋಟೋ ಹಾಕಿ, ನಾವು ನೋಡಿದ ಕೂಡಲೇ ಹೇಳ್ತೇವೆ ಅದು ಕರಡವೋ ಹೊಟ್ಟೋ.

ನಮ್ಮ ಕಡೆ ಈ ಸಲ ಮೂರು ಮನೆಯವರು ಸೇರಿ ದುಡ್ಡು ಹಾಕೋದು ಅಂತ ಮಾತಾಗಿದೆ, ಒಬ್ಬೊಬ್ಬರೇ ತಗೊಂಡ್ರೆ ವರ್ಷಕ್ಕೆ ಒಂದು ದಿನದ ಕೆಲಸಕ್ಕೆ ಅಷ್ಟು ದುಡ್ಡು ಹಾಕಿದ ಹಾಗಾಗ್ತದೆ. ಯಾರ ಮನೇಲಿ ಇಡೋದು, ಬ್ಲೇಡ್ ಮುರಿದ್ರೆ ಯಾರು ಹಾಕಿಸೋದು, ಬಿಸಿಲು ಬಂದ ದಿನ ಮೊದಲು ಯಾರ ಬೇಣ, ಇದನ್ನ ಕಾಗದದಲ್ಲಿ ಬರ್ಕೊಂಡಿದೀವಿ, ಭಾವ ಭಾವನೆಂಟರೇ ಆದ್ರೂ. ಮಾರೋರಿಗೆ ಒಂದೇ ಮಾತು ಹೇಳಿದೀನಿ, ಮಷಿನ್ ನಮ್ಮ ಬೇಣಕ್ಕೆ ತಂದು ಹತ್ತು ಗುಂಟೆ ಕೊಯ್ದು ತೋರಿಸ್ಬೇಕು, ಹುಲ್ಲು ಒಣಗಿ ಹೊರೆ ಕಟ್ಟಿ ಅಮ್ಮ ನೋಡಿದ ಮೇಲೆ ದುಡ್ಡು. ಮೊದಲು ಆಗೋದಿಲ್ಲ ಅಂದ್ರು, ನಿನ್ನೆ ಫೋನ್ ಮಾಡಿ ಬರ್ತೀವಿ ಅಂದಿದಾರೆ. ದೀಪಾವಳಿ ಆದ ಮೇಲಿನ ಎರಡನೇ ಭಾನುವಾರ. ನಿಮ್ಮ ವರದಿಗಾರರು ಯಾರಾದ್ರೂ ಬರೋದಾದ್ರೆ ಬೆಳಿಗ್ಗೆ ಹತ್ತರ ಮೇಲೆ ಬರ್ಲಿ, ಅಷ್ಟೊತ್ತಿಗೆ ಇಬ್ಬನಿ ಆರಿರ್ತದೆ, ಹುತ್ತ ಇದ್ದಲ್ಲೆಲ್ಲ ನಾನು ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿರ್ತೇನೆ. ಡೇಪಾ ಎಣ್ಣೆ ನಮ್ಮನೇಲೇ ಇದೆ.

ಇಂತಿ,
ನಿಮ್ಮ ಕೃಷಿ ಪುಟದ ಖಾಯಂ ಓದುಗ,
ಸಿದ್ದಾಪುರ ತಾಲೂಕು, ಉತ್ತರ ಕನ್ನಡ